ಹೊಲದಾಗ, ಹೊಲಕ್ಕ: ಲ್ಯಾಟಿನ್ ವಿಭಕ್ತಿಪಾಠದ ಒಂದು ವಿಮರ್ಶೆ

ಲ್ಯಾಟಿನ್ ಭಾಷೆಯ ಮೊದಲ ವರ್ಷದ ತರಗತಿಯಲ್ಲಿ, ನಾಮಪದಕ್ಕೆ ಮುಂಚೆ ನಿಲ್ಲುವ ‘ಇನ್’ ಎಂಬ ಅವ್ಯಯವನ್ನು ಕಲಿಸುವ ದಿನ ಕಪ್ಪುಹಲಗೆಯ ಮೇಲೆ ಎರಡು ಸಣ್ಣ ವಾಕ್ಯಗಳನ್ನು ಬರೆಯುವುದು ವಾಡಿಕೆ. ‘ಅಗ್ರಿಕೊಲ ಇನ್ ಅಗ್ರೋ ಎಸ್ತ್’ ಎಂಬುದು ಒಂದು. ‘ಅಗ್ರಿಕೊಲ ಇನ್ ಅಗ್ರುಮ್ ವೆನಿತ್’ ಎಂಬುದು ಇನ್ನೊಂದು. ಅವ್ಯಯ ಒಂದೇ, ನಾಮಪದವೂ ಒಂದೇ. ಬದಲಾದದ್ದು ವಿಭಕ್ತಿ ಮಾತ್ರ. ನಮ್ಮಲ್ಲೊಬ್ಬರು ಕಲಿಸುತ್ತಿದ್ದ ತರಗತಿಯಲ್ಲಿ ವಿಜಯಪುರ-ಸೊಲ್ಲಾಪುರ ಹೆದ್ದಾರಿಯ ಮೇಲಿರುವ ಹೊರ್ತಿಯ ಕಡೆಯಿಂದ ಬಂದ ವಿದ್ಯಾರ್ಥಿಯೊಬ್ಬನು ಇವೆರಡನ್ನೂ ತಡೆಯಿಲ್ಲದೆ ಕನ್ನಡಕ್ಕೆ ತಂದನು: “ಒಕ್ಕಲಿಗ ಹೊಲದಾಗ ಅದಾನ. ಒಕ್ಕಲಿಗ ಹೊಲಕ್ಕ ಬರತಾನ.” ಅನುವಾದದಲ್ಲಿ ದೋಷವಿರಲಿಲ್ಲ. ಆದರೂ ಅಧ್ಯಾಪಕರು ತೃಪ್ತರಾಗದೆ, ಗ್ರಾಂಥಿಕ ಕನ್ನಡದಲ್ಲಿ ಹೇಳಬೇಕೆಂದು ಅವನಿಗೆ ಸೂಚಿಸಿದರು. ಅವನು ಗೋಡೆಯ ಮೇಲಿನ ವಿಭಕ್ತಿಪಟವನ್ನು ನೋಡಿದನು. ಅದರಲ್ಲಿ ‘ಇನ್’ ಎಂಬುದರ ಎದುರಿಗೆ ‘ಅಲ್ಲಿ’ ಎಂದು ಬರೆದಿತ್ತು. ಅವನು ಹೇಳಿದ್ದು: “ಕೃಷಿಕನು ಹೊಲದಲ್ಲಿ ಇದ್ದಾನೆ. ಕೃಷಿಕನು ಹೊಲದಲ್ಲಿ ಬರುತ್ತಾನೆ.” ಭಾಷೆ ಶುದ್ಧವಾಯಿತು, ಅನುವಾದ ಕೆಟ್ಟಿತು.

ಆ ಅಧ್ಯಾಪಕರು ನಮ್ಮವರೇ ಆದುದರಿಂದ ಈ ವಿಮರ್ಶೆಯ ಮೊದಲ ಪೆಟ್ಟು ನಮ್ಮ ಮೇಲೆಯೇ ಬೀಳುತ್ತದೆ. ಆ ದಿನ ತಪ್ಪಿದವನು ವಿದ್ಯಾರ್ಥಿಯಲ್ಲ, ಪಟ ತಪ್ಪಿತು; ಪಟವನ್ನು ನಂಬಿದ ನಾವು ತಪ್ಪಿದೆವು. ಕನ್ನಡದ ಮೂಲಕ ಲ್ಯಾಟಿನ್ ಕಲಿಸುವ ಕೆಲಸದಲ್ಲಿ ನಾವು ಯಾವ ಕನ್ನಡವನ್ನು, ಯಾವ ವ್ಯಾಕರಣವನ್ನು ಆಧಾರವಾಗಿ ಇಟ್ಟುಕೊಂಡಿದ್ದೇವೆ ಎಂಬ ಪ್ರಶ್ನೆಯನ್ನು ಈ ಪತ್ರಿಕೆಯ ವಾಚಕರ ಮುಂದಿಡುವುದು ಅಗತ್ಯವೆಂದು ಅಂದಿನಿಂದ ನಮಗೆ ತೋರಿದೆ.

ನಮ್ಮ ಪಟಗಳ ರಚನೆ ಸರಳ. ಶಾಲೆಯ ಕನ್ನಡ ವ್ಯಾಕರಣದ ಪ್ರಥಮಾದಿ ಸಪ್ತಮ್ಯಂತ ಏಳು ವಿಭಕ್ತಿಗಳನ್ನೂ ಸಂಬೋಧನೆಯನ್ನೂ ಒಂದು ಸಾಲಿನಲ್ಲಿ ಬರೆದು, ಲ್ಯಾಟಿನ್ನಿನ ಆರು ವಿಭಕ್ತಿಗಳನ್ನು ಎದುರು ಸಾಲಿನಲ್ಲಿ ಜೋಡಿಸುವುದು. ನೊಮಿನಾತಿವುಸ್ ಪ್ರಥಮೆಗೆ, ಅಕ್ಕುಸಾತಿವುಸ್ ದ್ವಿತೀಯೆಗೆ, ದಾತಿವುಸ್ ಚತುರ್ಥಿಗೆ, ಜೆನಿತಿವುಸ್ ಷಷ್ಠಿಗೆ ಎದುರಾಗಿ ಕೂತುಬಿಡುತ್ತವೆ. ಉಳಿಯುವುದು ಅಬ್ಲಾತಿವುಸ್. ಅದನ್ನು ಪಂಚಮಿಯ ಎದುರಿಗೆ ಇರಿಸಿ ‘ದೆಸೆಯಿಂದ’ ಎಂದು ಅರ್ಥ ಬರೆಯುತ್ತೇವೆ. ಹೆಸರಿನ ಅರ್ಥವನ್ನು ನೋಡಿದರೆ ಇದು ಸರಿಯೆಂದೇ ಕಾಣುತ್ತದೆ, ಏಕೆಂದರೆ ‘ಅಬ್ಲಾತಿವುಸ್’ ಎಂದರೆ ಒಯ್ಯುವಿಕೆಯನ್ನು, ಅಗಲಿಕೆಯನ್ನು ಸೂಚಿಸುವ ವಿಭಕ್ತಿ. ಆದರೆ ತರಗತಿಯಲ್ಲಿ ಈ ಜೋಡಣೆ ಒಂದು ವಾರವೂ ನಿಲ್ಲುವುದಿಲ್ಲ. ‘ಗ್ಲಾದಿಯೋ’ ಎಂಬ ರೂಪಕ್ಕೆ ವಿದ್ಯಾರ್ಥಿಯು ‘ಕತ್ತಿಯ ದೆಸೆಯಿಂದ’ ಎಂದು ಬರೆಯುತ್ತಾನೆ. ‘ಇನ್ ಚೇಲೋ’ ಎಂಬುದಕ್ಕೆ ‘ಆಕಾಶದ ದೆಸೆಯಿಂದ’ ಎಂದು ಬರೆಯಲಾರದೆ ಪಟವನ್ನು ಬಿಟ್ಟು ಊಹೆಯನ್ನು ಹಿಡಿಯುತ್ತಾನೆ. ಒಮ್ಮೆ ಊಹೆ ಹಿಡಿದವನಿಗೆ ಮುಂದೆ ವಿಭಕ್ತಿಪ್ರತ್ಯಯವನ್ನು ನೋಡುವ ಅಭ್ಯಾಸವೇ ತಪ್ಪಿಹೋಗುತ್ತದೆ. ಅಂಥವನು ಲ್ಯಾಟಿನ್ ವಾಕ್ಯವನ್ನು ಪದಗಳ ರಾಶಿಯೆಂದು ಓದುತ್ತಾನೆ.

ಕಾರಣ ಭಾಷೆಯ ಚರಿತ್ರೆಯಲ್ಲಿದೆ. ಲ್ಯಾಟಿನ್ನಿನ ಅಬ್ಲಾತಿವುಸ್ ಒಂದು ವಿಭಕ್ತಿಯಲ್ಲ. ಮೂರು ಹಳೆಯ ವಿಭಕ್ತಿಗಳು ಕೂಡಿದ ಸಂಗಮ. ಅಗಲಿಕೆಯನ್ನು ಹೇಳುವ ವಿಭಕ್ತಿ, ಸಾಧನವನ್ನೂ ಸಹಭಾವವನ್ನೂ ಹೇಳುವ ವಿಭಕ್ತಿ, ನೆಲೆಯನ್ನು ಹೇಳುವ ವಿಭಕ್ತಿ, ಈ ಮೂರೂ ಸಂಸ್ಕೃತದಲ್ಲಿ ಬೇರೆಬೇರೆಯಾಗಿ ಉಳಿದವು, ಲ್ಯಾಟಿನ್ನಿನಲ್ಲಿ ಒಂದಾದವು. ಇದು ಆಧುನಿಕ ಭಾಷಾವಿಜ್ಞಾನಿಗಳು ಮಾತ್ರ ಕಂಡ ಸಂಗತಿಯಲ್ಲ. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ರೋಮಿನ ಮಕ್ಕಳಿಗೆ ಭಾಷಣಕಲೆ ಕಲಿಸಿದ ಕ್ವಿಂತಿಲಿಯಾನನೇ ತನ್ನ ಶಿಕ್ಷಣಗ್ರಂಥದ ಮೊದಲ ಭಾಗದಲ್ಲಿ ಈ ಸಂದೇಹವನ್ನೆತ್ತುತ್ತಾನೆ. ಈಟಿಯಿಂದ ಹೊಡೆದೆನು ಎಂಬಲ್ಲಿ ಈಟಿ ಅಬ್ಲಾತಿವುಸ್ ರೂಪದಲ್ಲಿದ್ದರೂ ಅದರ ಸ್ವಭಾವ ಅಗಲಿಕೆಯದಲ್ಲ. ಹಾಗಾದರೆ ನಮ್ಮಲ್ಲಿ ಏಳನೆಯ ವಿಭಕ್ತಿಯೂ ಇದೆಯೇ ಎಂದು ಅವನು ಕೇಳುತ್ತಾನೆ. ಲ್ಯಾಟಿನ್ ತಾಯ್ನುಡಿಯಾಗಿದ್ದವನಿಗೆ ಬಂದ ಸಂದೇಹ ನಮ್ಮ ಪಟಕ್ಕೆ ಬರದಿರುವುದು ವಿಚಿತ್ರ.

ಇನ್ನು ಕನ್ನಡದ ಪಂಚಮಿಯ ಗತಿಯೇನು? ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಪಂಚಮಿಗೆ ಕೊಡುವ ಪ್ರತ್ಯಯ ‘ಅತ್ತಣಿಂ’. ಹೊಸಗನ್ನಡದ ಶಾಲಾವ್ಯಾಕರಣಗಳು ಕೊಡುವುದು ‘ದೆಸೆಯಿಂದ’. ಎರಡನ್ನೂ ಬಿಡಿಸಿ ನೋಡಿದರೆ ಒಳಗೆ ತೃತೀಯೆಯ ‘ಇಂ’, ‘ಇಂದ’ಗಳೇ ಕುಳಿತಿವೆ, ಅವುಗಳ ಹಿಂದೆ ದಿಕ್ಕನ್ನು ಹೇಳುವ ಒಂದು ಪದವನ್ನು ಕಟ್ಟಿದೆ, ಅಷ್ಟೆ. ಸಂಸ್ಕೃತದ ಏಳು ಮನೆಗಳನ್ನು ತುಂಬಬೇಕೆಂಬ ಹಟದಿಂದ ಹುಟ್ಟಿದ ವಿಭಕ್ತಿಯಿದು. ಡಿ. ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದು ಪುಸ್ತಕದ ಹೆಸರಿನಲ್ಲಿಯೇ ಸಾರಿದ ವಾದವನ್ನು ಎಲ್ಲೆಡೆ ಒಪ್ಪದವರೂ ಈ ಒಂದು ಅಂಶದಲ್ಲಿ ತಲೆದೂಗಬೇಕಾಗುತ್ತದೆ. ಊರಿನ ದೆಸೆಯಿಂದ ಬಂದೆನೆಂದು ಯಾವ ಊರಿನವನೂ ಹೇಳುವುದಿಲ್ಲ. ಊರಿಂದ ಬಂದೆನೆನ್ನುತ್ತಾನೆ, ಕೊಡಲಿಯಿಂದ ಕಡಿದೆನೆನ್ನುತ್ತಾನೆ. ಅಂದರೆ ಲ್ಯಾಟಿನ್ನಿನ ಸಂಗಮದಲ್ಲಿ ಕೂಡಿದ ಮೂರು ಹೊಳೆಗಳಲ್ಲಿ ಎರಡು ಕನ್ನಡದ ‘ಇಂದ’ದಲ್ಲಿಯೂ ಕೂಡಿಯೇ ಹರಿಯುತ್ತಿವೆ. ಎಂಥ ಅನುಕೂಲವಿದು! ಕನ್ನಡದ ವಿದ್ಯಾರ್ಥಿಗೆ ಅಬ್ಲಾತಿವುಸ್‌ನ ಬಹುಭಾಗ ಹುಟ್ಟಿನಿಂದಲೇ ಬಂದಿದೆ. ನಾವೋ ಅದನ್ನು ಅವನಿಂದ ಕಿತ್ತುಕೊಂಡು, ಅವನ ಬಾಯಲ್ಲಿ ಎಂದೂ ಇಲ್ಲದ ‘ದೆಸೆಯಿಂದ’ವನ್ನು ಕೊಡುತ್ತಿದ್ದೇವೆ.

ಉಳಿದ ಮೂರನೆಯ ಹೊಳೆ ನೆಲೆಯದು. ಹೊರ್ತಿ, ಇಂಡಿ, ಸಿಂದಗಿಗಳ ಮಾತಿನಲ್ಲಿ ಅದಕ್ಕೆ ‘ಆಗ’ ಎಂಬ ಪ್ರತ್ಯಯವಿದೆ: ಮನ್ಯಾಗ, ಊರಾಗ, ಹೊಲದಾಗ. ಲ್ಯಾಟಿನ್ ತನ್ನ ಹಳೆಯ ನೆಲೆವಿಭಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಂಡರೂ ಕೆಲವು ಪದಗಳಲ್ಲಿ ಉಳಿಸಿಕೊಂಡಿದೆ. ಮನೆಯಲ್ಲಿ ಎಂಬುದಕ್ಕೆ ‘ದೋಮಿ’, ಹಳ್ಳಿಗಾಡಿನಲ್ಲಿ ಎಂಬುದಕ್ಕೆ ‘ರೂರಿ’, ನೆಲದ ಮೇಲೆ ಎಂಬುದಕ್ಕೆ ‘ಹುಮಿ’. ಇವುಗಳ ಮುಂದೆ ‘ಇನ್’ ಬರುವುದಿಲ್ಲ. ಇಂಗ್ಲಿಷಿನ ಮೂಲಕ ಕಲಿಯುವವನಿಗೆ ಇವು ಬಾಯಿಪಾಠ ಮಾಡಬೇಕಾದ ಅಪವಾದಗಳು. ‘ಮನ್ಯಾಗ’ ಎನ್ನುವವನಿಗೆ ಇವು ಅಪವಾದವೇ ಅಲ್ಲ. ನಾಮಪದವು ಅವ್ಯಯದ ಹಂಗಿಲ್ಲದೆ ತನ್ನ ನೆಲೆಯನ್ನು ತಾನೇ ಹೇಳುವುದು ಅವನಿಗೆ ನಿತ್ಯದ ಮಾತು.

ಇಂಗ್ಲಿಷಿನ ಪ್ರಸ್ತಾಪ ಬಂದುದರಿಂದ ಪಠ್ಯಪುಸ್ತಕದ ಮಾತನ್ನೂ ಆಡಿಬಿಡೋಣ. ಜಾನ್ ಕಾಲಿನ್ಸರ ‘ಎ ಪ್ರೈಮರ್ ಆಫ್ ಎಕ್ಲೀಸಿಯಾಸ್ಟಿಕಲ್ ಲ್ಯಾಟಿನ್’ 1985ರಲ್ಲಿ ಅಮೆರಿಕದ ಕ್ಯಾಥೊಲಿಕ್ ವಿಶ್ವವಿದ್ಯಾಲಯದ ಮುದ್ರಣಾಲಯದಿಂದ ಹೊರಬಂದ, 35 ಘಟಕಗಳ ಪುಸ್ತಕ. ಸೀಸರನ ಯುದ್ಧಗಳನ್ನು ಬಿಟ್ಟು ಪೂಜಾವಿಧಿಯ ಮತ್ತು ವುಲ್ಗಾತ ಬೈಬಲಿನ ಲ್ಯಾಟಿನ್ನನ್ನೇ ಗುರಿಯಾಗಿಟ್ಟುಕೊಂಡದ್ದು ಅದರ ದೊಡ್ಡ ಗುಣ. ಗುರು ಅಭ್ಯರ್ಥಿಗೆ ಬೇಕಾದದ್ದೂ ಅದೇ. ಆದರೆ ಅದನ್ನು ನಮ್ಮ ತರಗತಿಯಲ್ಲಿ ಬಳಸುವಾಗ ವಿದ್ಯಾರ್ಥಿಯು ಲ್ಯಾಟಿನ್ನಿನಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ, ಹೀಗೆ ಸುತ್ತುದಾರಿ ಹಿಡಿಯುತ್ತಾನೆ. ‘ಮಿಹಿ ಎಸ್ತ್ ಫಿಲಿಯುಸ್’ ಎಂಬ ಮೂರು ಪದಗಳನ್ನು ಅವನು ಮೊದಲು ‘ಐ ಹ್ಯಾವ್ ಎ ಸನ್’ ಎಂದು ಮಾಡಿಕೊಂಡು, ಆ ಬಳಿಕ ‘ನಾನು ಒಬ್ಬ ಮಗನನ್ನು ಹೊಂದಿದ್ದೇನೆ’ ಎಂದು ಬರೆಯುತ್ತಾನೆ. ‘ನನಗೆ ಮಗನಿದ್ದಾನೆ’ ಎಂದಿದ್ದರೆ ವಿಭಕ್ತಿಗೆ ವಿಭಕ್ತಿ, ಕ್ರಿಯೆಗೆ ಕ್ರಿಯೆ ಸರಿಹೋಗುತ್ತಿತ್ತು. ಇಂಗ್ಲಿಷ್ ಕನ್ನಡಿಗೂ ಲ್ಯಾಟಿನ್ನಿಗೂ ನಡುವೆ ಅಡ್ಡಗೋಡೆಯಾದ ಇಂಥ ಸ್ಥಳಗಳು ಬಹಳ. ಇದನ್ನು ಕಾಲಿನ್ಸರ ದೋಷವೆನ್ನುವುದು ಅನ್ಯಾಯ. ಅವರು ಕನ್ನಡಿಗರಿಗಾಗಿ ಬರೆಯಲಿಲ್ಲ. ಕನ್ನಡಿಗರಿಗಾಗಿ ನಾವು ಬರೆಯದಿರುವುದು ನಮ್ಮ ದೋಷ.

ಹಿಂದಿನವರು ಬರೆದಿದ್ದರೆಂಬುದನ್ನೂ ನೆನೆಯಬೇಕು. ಮೈಸೂರು ಪ್ರಾಂತ್ಯದ ಕ್ಯಾಥೊಲಿಕ್ ಮಿಷನರಿಗಳು 1855ರಲ್ಲಿ ಕನ್ನಡ-ಲ್ಯಾಟಿನ್ ನಿಘಂಟನ್ನೂ 1861ರಲ್ಲಿ ಲ್ಯಾಟಿನ್-ಕನ್ನಡ ನಿಘಂಟನ್ನೂ ಬೆಂಗಳೂರಿನಲ್ಲಿ ಅಚ್ಚುಹಾಕಿಸಿದರು. ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಹೊರಬರುವುದಕ್ಕಿಂತ ಮುಂಚಿನ ಮಾತಿದು. ಆದರೆ ಆ ಮಹನೀಯರಿಗೆ ಲ್ಯಾಟಿನ್ ಗೊತ್ತಿತ್ತು, ಕನ್ನಡ ಬೇಕಾಗಿತ್ತು. ನಮ್ಮ ವಿದ್ಯಾರ್ಥಿಗೆ ಕನ್ನಡ ಗೊತ್ತಿದೆ, ಲ್ಯಾಟಿನ್ ಬೇಕಾಗಿದೆ. ಅದೇ ಸೇತುವೆಯ ಮೇಲೆ ಎದುರು ದಿಕ್ಕಿನಿಂದ ನಡೆಯಬೇಕಾದವನಿಗೆ ಹೆಜ್ಜೆಗುರುತುಗಳು ತಲೆಕೆಳಗಾಗಿ ಕಾಣುವುದು ಸಹಜ. ನಮ್ಮ ಪಟಗಳು ಇಂದಿಗೂ ಅವರ ದಿಕ್ಕಿನಲ್ಲೇ ನಿಂತಿವೆ.

ಆಡುನುಡಿಯನ್ನು ಹೊಗಳುವುದರಲ್ಲಿ ನಾವು ಕುರುಡಾಗಬಾರದು. ಅದು ಕೈಕೊಡುವ ಸ್ಥಳವೂ ಇದೆ, ಅದು ದ್ವಿತೀಯೆ. ‘ನೀರು ಕುಡಿದ’, ‘ರೊಟ್ಟಿ ತಿಂದ’ ಎನ್ನುವಾಗ ಕನ್ನಡವು ಕರ್ಮಪದಕ್ಕೆ ಪ್ರತ್ಯಯ ಹಚ್ಚುವುದಿಲ್ಲ. ಮನುಷ್ಯವಾಚಕವಾದರೆ ‘ಮಗನನ್ನು ಕರೆದ’ ಎಂದು ಹಚ್ಚಲೇಬೇಕು. ಲ್ಯಾಟಿನ್ನಿಗೆ ಈ ಭೇದವಿಲ್ಲ. ನೀರಿಗೂ ಮಗನಿಗೂ ಒಂದೇ ನಿಯಮ. ಆದುದರಿಂದ ವಿದ್ಯಾರ್ಥಿಯು ನಿರ್ಜೀವ ವಸ್ತುವಿನ ಪ್ರತ್ಯಯವನ್ನು ಕಣ್ಣಿಗೆ ಬಿದ್ದರೂ ಲೆಕ್ಕಕ್ಕೆ ತೆಗೆದುಕೊಳ್ಳದೆ, ಪದಗಳ ಅನುಕ್ರಮದಿಂದಲೇ ಕರ್ತೃವನ್ನೂ ಕರ್ಮವನ್ನೂ ನಿರ್ಣಯಿಸುತ್ತಾನೆ. ‘ವೆರ್ಬುಮ್’ ಮೊದಲಾದ ನಪುಂಸಕ ಪದಗಳಲ್ಲಿ ಪ್ರಥಮೆಗೂ ದ್ವಿತೀಯೆಗೂ ರೂಪ ಒಂದೇ ಆಗಿರುವುದರಿಂದ ಅವನ ಸೋಮಾರಿತನಕ್ಕೆ ಲ್ಯಾಟಿನ್ನೇ ಬೆಂಬಲ ಕೊಡುತ್ತದೆ. ಇಲ್ಲಿ ಗ್ರಾಂಥಿಕ ಕನ್ನಡದ ‘ಅನ್ನು’ವನ್ನು ಕಡ್ಡಾಯ ಮಾಡಿ, ಒಂದು ವರ್ಷದವರೆಗೆ ‘ನೀರನ್ನು ಕುಡಿದನು’ ಎಂದೇ ಬರೆಸುವುದು ಒಳಿತು. ಕೃತಕವೆನಿಸಲಿ, ಊರುಗೋಲೂ ಕೃತಕವೇ.

ಕ್ರಿಯಾಪದಗಳು ಬೇಡುವ ಅನಿರೀಕ್ಷಿತ ವಿಭಕ್ತಿಗಳ ವಿಷಯದಲ್ಲಿ ನಮ್ಮ ಹಳೆಯ ವ್ಯಾಕರಣವೇ ಒಂದು ಒಳ್ಳೆಯ ಉಪಕರಣವನ್ನು ಕೊಟ್ಟಿದೆ. ಅದು ವಿಭಕ್ತಿಪಲ್ಲಟ. ‘ಬೆಟ್ಟವನ್ನು ಹತ್ತಿದನು’ ಎನ್ನುವಲ್ಲಿ ‘ಬೆಟ್ಟಕ್ಕೆ ಹತ್ತಿದನು’ ಎಂಬ ಶಾಲಾ ಉದಾಹರಣೆ ಎಲ್ಲರಿಗೂ ಗೊತ್ತು. ಹೊರ್ತಿಯ ಹುಡುಗನಿಗೆ ‘ಹೊಲವನ್ನು ಉಳುತ್ತಾನೆ’ ಎಂದರೆ ‘ಹೊಲದಾಗ ಗಳೆ ಹೊಡಿತಾನ’ ಎಂದಾಗುತ್ತದೆ. ದ್ವಿತೀಯೆ ಹೋಗಿ ಸಪ್ತಮಿ ಬಂತು, ಹೊಲ ಉಳುವುದು ನಿಲ್ಲಲಿಲ್ಲ. ಕಾರಕ ಬೇರೆ, ವಿಭಕ್ತಿ ಬೇರೆ ಎಂಬ ಭಾರತೀಯ ವೈಯಾಕರಣರ ಸೂಕ್ಷ್ಮವನ್ನು ಹೀಗೆ ಅವನ ಹೊಲದಿಂದಲೇ ತೋರಿಸಿದರೆ, ‘ಕ್ರೇದೆರೆ’ ಎಂಬ ಕ್ರಿಯೆ ದಾತಿವುಸ್ ಬೇಡುತ್ತದೆ, ‘ಊತಿ’ ಎಂಬುದು ಅಬ್ಲಾತಿವುಸ್ ಬೇಡುತ್ತದೆ ಎಂದಾಗ ಅವನು ಬೆದರುವುದಿಲ್ಲ.

‘ಕ್ರೇದೆರೆ’ ಎಂದರೆ ನಂಬುವುದು. ಇಲ್ಲಿಂದ ಮುಂದೆ ನಮ್ಮ ವಿಮರ್ಶೆ ವ್ಯಾಕರಣದ ಅಂಗಳವನ್ನು ದಾಟುತ್ತದೆ. ಸಂತ ಅಗಸ್ಟೀನರು ಯೊವಾನ್ನನ ಶುಭಸಂದೇಶದ ಮೇಲಿನ ತಮ್ಮ 29ನೆಯ ಪ್ರವಚನದಲ್ಲಿ, ದಾತಿವುಸ್‌ನೊಡನೆ ಬರುವ ನಂಬಿಕೆಗೂ ‘ಇನ್’ ಮತ್ತು ಅಕ್ಕುಸಾತಿವುಸ್‌ನೊಡನೆ ಬರುವ ನಂಬಿಕೆಗೂ ಇರುವ ಅಂತರವನ್ನು ವಿವರಿಸುತ್ತಾರೆ. ಅವನು ಹೇಳಿದ್ದನ್ನು ಸತ್ಯವೆಂದು ಒಪ್ಪುವುದು ಮೊದಲನೆಯದು. ದೆವ್ವಗಳೂ ಅಷ್ಟನ್ನು ಮಾಡಿದವು. ನಂಬುತ್ತಲೇ ಪ್ರೀತಿಸಿ ಅವನೆಡೆಗೆ ಸಾಗುವುದು, ಅವನ ಅಂಗಗಳಲ್ಲಿ ಒಂದಾಗುವುದು ಎರಡನೆಯದು. ವಿಶ್ವಾಸಪ್ರಮಾಣದ ಮೊದಲಲ್ಲಿರುವುದು ಈ ಎರಡನೆಯ ರೂಪ. ‘ದೇವರಲ್ಲಿ ವಿಶ್ವಾಸವಿಡುತ್ತೇನೆ’ ಎಂಬ ಕನ್ನಡದಲ್ಲಿ ನೆಲೆಯಿದೆ, ಗತಿಯಿಲ್ಲ. ‘ಹೊಲದಾಗ’ ಉಳಿದುಕೊಂಡಿತು, ‘ಹೊಲಕ್ಕ’ ಬಿಟ್ಟುಹೋಯಿತು. ಈ ಅನುವಾದವನ್ನು ಬದಲಾಯಿಸಬೇಕೆಂದು ನಾವು ಹೇಳುತ್ತಿಲ್ಲ. ಜನರ ಪ್ರಾರ್ಥನೆಯಲ್ಲಿ ನೆಲೆಗೊಂಡ ಮಾತನ್ನು ಕದಲಿಸುವುದಕ್ಕೆ ವ್ಯಾಕರಣವೊಂದೇ ಸಾಕಾದ ಕಾರಣವಲ್ಲ. ಆದರೆ ಅದನ್ನು ಬೋಧಿಸುವ ಗುರುವಿಗೆ, ಆ ‘ಅಲ್ಲಿ’ಯೊಳಗೆ ಒಂದು ‘ಗೆ’ ಅಡಗಿದೆಯೆಂಬುದು ತಿಳಿದಿರಬೇಕು. ಅಂದು ತರಗತಿಯಲ್ಲಿ ನಾವು ಅಳಿಸಿದ್ದು ಅದನ್ನೇ.

ಇನ್ನೊಂದು ಉದಾಹರಣೆ ಇದಕ್ಕಿಂತ ಗಂಭೀರ. ಸಂತ ಪೌಲನು ರೋಮನರಿಗೆ ಬರೆದ ಪತ್ರದ 5ನೆಯ ಅಧ್ಯಾಯದ 12ನೆಯ ವಚನ ವುಲ್ಗಾತದಲ್ಲಿ ‘ಇನ್’ ಅವ್ಯಯದ ಪಾಠವೇ ಆಗಿದೆ. ಪಾಪವು ಈ ಲೋಕಕ್ಕೆ ಬಂತೆನ್ನುವಲ್ಲಿ ‘ಇನ್’ ಅಕ್ಕುಸಾತಿವುಸ್‌ನೊಡನಿದೆ. ಮರಣವು ಎಲ್ಲ ಮನುಷ್ಯರಿಗೂ ಹಬ್ಬಿತೆನ್ನುವಲ್ಲಿಯೂ ಹಾಗೆಯೇ. ಕೊನೆಯಲ್ಲಿ ‘ಇನ್ ಕ್ವೊ’ ಎಂಬಲ್ಲಿ ಮಾತ್ರ ಅಬ್ಲಾತಿವುಸ್. ‘ಕ್ವೊ’ ಎಂಬ ರೂಪ ಪುಲ್ಲಿಂಗವೂ ಆಗಬಹುದು, ನಪುಂಸಕವೂ ಆಗಬಹುದು. ಲ್ಯಾಟಿನ್ ಓದುಗನು ನಿರ್ಣಯವಿಲ್ಲದೆ ಮುಂದೆ ಸಾಗಬಲ್ಲನು. ಕನ್ನಡದ ಅನುವಾದಕನಿಗೆ ಆ ಸ್ವಾತಂತ್ರ್ಯವಿಲ್ಲ. ‘ಯಾರಲ್ಲಿ’ ಎಂದರೆ ಆದಾಮನು. ‘ಯಾವುದರಲ್ಲಿ’ ಎಂದರೆ ಪಾಪವೋ ಲೋಕವೋ. ‘ಆದುದರಿಂದ’ ಅಥವಾ ‘ಏಕೆಂದರೆ’ ಎಂದರೆ ಯಾವ ನಾಮಪದವೂ ಅಲ್ಲ, ಬರಿಯ ಕಾರಣ. ನಮ್ಮ ಭಾಷೆ ಮನುಷ್ಯನನ್ನೂ ವಸ್ತುವನ್ನೂ ಸರ್ವನಾಮದಲ್ಲಿಯೇ ಬೇರ್ಪಡಿಸುವುದರಿಂದ ಪ್ರಶ್ನೆಯನ್ನು ಮುಚ್ಚಿಡಲು ಬರುವುದಿಲ್ಲ. ಅಗಸ್ಟೀನರೇ ಪೆಲಾಜಿಯನರಿಗೆ ಉತ್ತರ ಬರೆಯುವಾಗ ಲಿಂಗದ ಪರೀಕ್ಷೆ ಮಾಡುತ್ತಾರೆ. ಗ್ರೀಕಿನಲ್ಲಿ ಪಾಪವಾಚಕ ಪದ ಸ್ತ್ರೀಲಿಂಗವಾದುದರಿಂದ ಅಲ್ಲಿನ ಸರ್ವನಾಮ ಅದಕ್ಕೆ ಹೊಂದುವುದಿಲ್ಲ; ಆದುದರಿಂದ ಮೊದಲ ಮನುಷ್ಯನಲ್ಲಿಯೇ ಎಲ್ಲರೂ ಪಾಪಮಾಡಿದರೆಂದು ಗ್ರಹಿಸುತ್ತಾರೆ. 1546ರ ಜೂನ್ 17ರಂದು ಟ್ರೆಂಟ್ ಮಹಾಸಭೆ ಜನ್ಮಪಾಪದ ಬಗ್ಗೆ ನಿರ್ಣಯ ಮಾಡುವಾಗ ಉಲ್ಲೇಖಿಸಿದ್ದು ‘ಇನ್ ಕ್ವೊ’ ಎಂಬ ಪಾಠವನ್ನೇ. 1979ರ ನೋವ ವುಲ್ಗಾತವು ಆ ಸ್ಥಳದಲ್ಲಿ ‘ಏಓ ಕ್ವೋದ್’ ಎಂದು ಬದಲಿಸಿತು, ಅಂದರೆ ‘ಏಕೆಂದರೆ’ ಎಂಬರ್ಥಕ್ಕೆ ತಿರುಗಿತು. ಜನ್ಮಪಾಪದ ಬೋಧನೆ ಈ ಎರಡು ಪದಗಳ ಮೇಲೆ ಮಾತ್ರ ನಿಂತಿಲ್ಲವೆಂಬುದು ಸ್ಪಷ್ಟ. ಆದರೂ ಇಂಥ ವಚನವನ್ನು ಮೂರು ಬಗೆಯಾಗಿ ಕನ್ನಡಿಸಿ, ಒಂದೊಂದರ ಪರಿಣಾಮವನ್ನು ತೂಗಿನೋಡುವ ಒಂದು ಗಂಟೆಯ ಪಾಠ ದೈವಶಾಸ್ತ್ರದ ಹತ್ತು ಟಿಪ್ಪಣಿಗಳಿಗೆ ಸಮವೆಂದು ನಾವು ಅನುಭವದಿಂದ ಹೇಳಬಲ್ಲೆವು.

ಎಲ್ಲೆಡೆಯೂ ಕನ್ನಡ ಹೀಗೆ ನಿರ್ಣಯಕ್ಕೆ ಒತ್ತಾಯಿಸುತ್ತದೆಂದೇನೂ ಅಲ್ಲ. ‘ಯುಸ್ತಿತ್ಸಿಯ ದೇಯಿ’ ಎಂಬ ಷಷ್ಠಿಯಲ್ಲಿ, ದೇವರು ನೀತಿವಂತನಾಗಿರುವ ನೀತಿಯೋ, ಅವನು ಮನುಷ್ಯನಿಗೆ ದಯಪಾಲಿಸುವ ನೀತಿಯೋ ಎಂಬ ಪ್ರಶ್ನೆ ಲೂಥರನನ್ನು ಎಷ್ಟು ಕಾಡಿತೆಂಬುದನ್ನು ಅವನೇ 1545ರ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾನೆ. ‘ದೇವರ ನೀತಿ’ ಎಂಬ ಕನ್ನಡ ಷಷ್ಠಿ ಎರಡನ್ನೂ ಹಿಡಿಯುತ್ತದೆ. ಇಲ್ಲಿ ಅನುವಾದಕನು ಜಾಣತನ ತೋರದೆ ಸುಮ್ಮನಿರುವುದೇ ಮೇಲು.

ಲ್ಯಾಟಿನ್ನಿಗೆ ಇಷ್ಟೊಂದು ಶ್ರಮವೇಕೆಂದು ಕೇಳುವವರಿದ್ದಾರೆ. ಎರಡನೆಯ ವ್ಯಾಟಿಕನ್ ಮಹಾಸಭೆಯ 1965ರ ‘ಓಪ್ತಾತಾಮ್ ತೋತಿಯುಸ್’ ಆಜ್ಞಾಪತ್ರದ 13ನೆಯ ಪರಿಚ್ಛೇದವೂ 1983ರ ಧರ್ಮಸಭಾ ಕಾನೂನಿನ 249ನೆಯ ವಿಧಿಯೂ ಗುರು ಅಭ್ಯರ್ಥಿಗಳಿಗೆ ಲ್ಯಾಟಿನ್ ಜ್ಞಾನವನ್ನು ವಿಧಿಸಿವೆ ಎಂದು ಉತ್ತರ ಹೇಳಿ ಮುಗಿಸಬಹುದು. ಆದರೆ ವಿಧಿಯ ಬಲದಿಂದ ಕಲಿತ ಭಾಷೆ ಪರೀಕ್ಷೆಯ ಮರುದಿನವೇ ಮರೆಯುತ್ತದೆ. ನಿಜವಾದ ಉತ್ತರ 2017ರ ಸೆಪ್ಟೆಂಬರಿನಲ್ಲಿ ಪೋಪ್ ಫ್ರಾನ್ಸಿಸರು ಹೊರಡಿಸಿದ ‘ಮಾಞುಮ್ ಪ್ರಿಂಚಿಪಿಯುಮ್’ ಪತ್ರದಲ್ಲಿದೆ. ಪೂಜಾಗ್ರಂಥಗಳ ಅನುವಾದವನ್ನು ನಿಷ್ಠೆಯಿಂದ ಸಿದ್ಧಪಡಿಸಿ ಅನುಮೋದಿಸುವ ಹೊಣೆಯನ್ನು ಅದು ಆಯಾ ನಾಡಿನ ಧರ್ಮಾಧ್ಯಕ್ಷರ ಮಂಡಳಿಗಳ ಮೇಲೆ ಇನ್ನಷ್ಟು ಭಾರವಾಗಿ ಹೊರಿಸಿತು. ಕನ್ನಡದ ಪಾಠವು ಲ್ಯಾಟಿನ್ ಮೂಲಕ್ಕೆ ನಿಷ್ಠವೇ ಎಂದು ನೋಡಬೇಕಾದವರು ಕನ್ನಡಿಗರೇ. ಅವರು ಇಂಗ್ಲಿಷ್ ಪಾಠವನ್ನು ಪಕ್ಕಕ್ಕಿಟ್ಟುಕೊಂಡು ಕನ್ನಡವನ್ನು ತಿದ್ದುವುದಾದರೆ, ನಾವು ನಿಷ್ಠರಾಗಿರುವುದು ಮೂಲಕ್ಕಲ್ಲ, ಇನ್ನೊಂದು ಅನುವಾದಕ್ಕೆ.

ಹಳ್ಳಿಯ ಮಾತನ್ನು ತರಗತಿಗೆ ತಂದರೆ ವಿದ್ಯಾರ್ಥಿಯ ಗ್ರಾಂಥಿಕ ಕನ್ನಡ ಕೆಡುವುದಿಲ್ಲವೇ ಎಂಬ ಆಕ್ಷೇಪಣೆ ನಮ್ಮ ಸಹೋದ್ಯೋಗಿಗಳಿಂದಲೇ ಬಂದಿದೆ. ಅದಕ್ಕೆ ತೂಕವಿದೆ. ವಿಜಯಪುರದವನ ‘ಹೊಲದಾಗ’ವನ್ನು ಮಂಗಳೂರಿನ ಸಹಪಾಠಿ ಅರಿಯುವುದು ಕಷ್ಟ, ಉಪದೇಶಪೀಠದಲ್ಲಿ ನಿಲ್ಲುವವನಿಗೆ ಎಲ್ಲರ ಕನ್ನಡ ಬೇಕು. ಆದುದರಿಂದ ನಾವು ಸೂಚಿಸುವುದು ಎರಡು ಹೆಜ್ಜೆಗಳನ್ನು. ವಾಕ್ಯದ ಅರ್ಥವನ್ನು ಹಿಡಿಯುವಾಗ ವಿದ್ಯಾರ್ಥಿಯು ತನ್ನ ತಾಯಿಯೊಡನೆ ಆಡುವ ಮಾತಿನಲ್ಲಿ ಹಿಡಿಯಲಿ; ಅಧ್ಯಾಪಕನು ವಿಭಕ್ತಿ ಸರಿಯೇ ಎಂದು ಅಲ್ಲಿಯೇ ಪರೀಕ್ಷಿಸಲಿ. ಬಳಿಕ ಅದನ್ನು ಗ್ರಾಂಥಿಕಕ್ಕೆ ತರಲಿ. ಕ್ರಮ ತಪ್ಪಿದರೆ ಹೊರ್ತಿಯ ಹುಡುಗನಿಗಾದದ್ದೇ ಆಗುತ್ತದೆ. ಪಟದಲ್ಲಿ ‘ದೆಸೆಯಿಂದ’ವನ್ನು ಒರೆಸಿ, ಅಬ್ಲಾತಿವುಸ್‌ನ ಎದುರಿಗೆ ‘ಇಂದ’, ‘ಒಡನೆ’, ‘ಅಲ್ಲಿ’ ಎಂದು ಮೂರನ್ನೂ ಬರೆದಿದ್ದೇವೆ. ‘ಇನ್’ ಎಂಬುದಕ್ಕೆ ಎದುರಾಗಿ ಈಗ ಏನನ್ನೂ ಬರೆದಿಲ್ಲ. ಅದರ ಅರ್ಥ ಮುಂದೆ ಬರುವ ನಾಮಪದದ ಕೊನೆಯಲ್ಲಿದೆ, ಅಲ್ಲಿಯೇ ಹುಡುಕಲಿ.

ವರ್ಷದ ಕೊನೆಯಲ್ಲಿ ಯೊವಾನ್ನನ ಶುಭಸಂದೇಶದ 15ನೆಯ ಅಧ್ಯಾಯವನ್ನು ಓದಿಸಿದೆವು. ಅಲ್ಲಿ ‘ಇನ್ ಮೆ’ ಎಂಬ ಮಾತು ಪದೇ ಪದೇ ಬರುತ್ತದೆ. ‘ಮೆ’ ಎಂಬ ರೂಪ ಅಕ್ಕುಸಾತಿವುಸ್‌ಗೂ ಅಬ್ಲಾತಿವುಸ್‌ಗೂ ಒಂದೇ. ಪ್ರತ್ಯಯ ನೋಡಿ ನಿರ್ಣಯಿಸಲಾಗದು. ಆ ವಿದ್ಯಾರ್ಥಿಯು ಸ್ವಲ್ಪ ಹೊತ್ತು ಕ್ರಿಯಾಪದವನ್ನು ನೋಡಿ, “ಇಲ್ಲಿ ಉಳಿಯೂದು ಅದ, ಹೋಗೂದು ಇಲ್ಲರಿ. ಅದಕ್ಕ ನನ್ನೊಳಗ,” ಎಂದನು. ಫಲಕೊಡುವ ಕವಲನ್ನು ತಂದೆಯು ಏನು ಮಾಡುವನೆಂಬಲ್ಲಿ ‘ಪುರ್ಗಾಬಿತ್’ ಎಂದಿದೆ. ಶುದ್ಧಿ ಮಾಡುವನೆಂಬುದು ಕೋಶದ ಅರ್ಥ. ದ್ರಾಕ್ಷಿಯ ಸೀಮೆಯವನಾದ ಅವನು ಕೋಶವನ್ನು ಮುಚ್ಚಿ, ಏಪ್ರಿಲಿಗೊಮ್ಮೆ ಅಕ್ಟೋಬರಿಗೊಮ್ಮೆ ತಮ್ಮ ಕಡೆ ಬಳ್ಳಿಗೆ ಮಾಡುವ ಚಾಟಣಿಯ ಮಾತನ್ನು ಎತ್ತಿದನು. ಅಂದು ಅವನಿಗೆ ಗ್ರಾಂಥಿಕದಲ್ಲಿ ಹೇಳೆಂದು ಯಾರೂ ಹೇಳಲಿಲ್ಲ.